ಸೈನಿಕರ ಅಪರಾಧಗಳ ವಿಚಾರಣೆ (ಭಾರತ)

ಸೈನಿಕ ಎಸಗಿದ ಅಪರಾಧದ ವಿಚಾರಣೆ ಯಾವಾಗಲೂ ಸೇನಾ ನ್ಯಾಯಾಲಯವಾದ ಕೋರ್ಟ್ ಮಾರ್ಷಲ್‌ನಲ್ಲೇ ನಡೆಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಕಾನೂನು ಹಾಗೆ ಹೇಳುವುದಿಲ್ಲ. ಅನೇಕ ಅಪರಾಧಗಳಲ್ಲಿ ಸೇನಾ ನ್ಯಾಯಾಲಯಕ್ಕೂ ಸಾಮಾನ್ಯ ಕ್ರಿಮಿನಲ್ ನ್ಯಾಯಾಲಯಕ್ಕೂ ಅಧಿಕಾರವಿದೆ. ಯಾವುದು ವಿಚಾರಿಸಬೇಕೆಂದು ನಿರ್ಧರಿಸುವವರು ಯಾರು ಎಂಬುದೇ ಈ ಚರಿತ್ರೆಯ ಮುಖ್ಯ ವಿವಾದ.

ಕಾನೂನು: 1911ರ ಕಾಯ್ದೆಯ ಜಾಗಕ್ಕೆ ಬಂದ 1950ರ ಭೂಸೇನಾ ಕಾಯ್ದೆಯ 69ನೇ ಕಲಂ, ಸಾಮಾನ್ಯ ಅಪರಾಧಗಳನ್ನೂ ವಿಚಾರಿಸುವ ಅಧಿಕಾರವನ್ನು ಕೋರ್ಟ್ ಮಾರ್ಷಲ್‌ಗೆ ಕೊಡುತ್ತದೆ. 70ನೇ ಕಲಂ ಇದಕ್ಕೆ ಮಿತಿ ಹಾಕುತ್ತದೆ. ನಾಗರಿಕರ ಕೊಲೆ, ಕೊಲೆಯಲ್ಲದ ನರಹತ್ಯೆ ಮತ್ತು ಅತ್ಯಾಚಾರದ ಪ್ರಕರಣಗಳು ಕೋರ್ಟ್ ಮಾರ್ಷಲ್‌ಗೆ ಹೋಗುವಂತಿಲ್ಲ. ಆರೋಪಿ ಸಕ್ರಿಯ ಸೇವೆಯಲ್ಲಿದ್ದಾಗ, ವಿದೇಶದಲ್ಲಿದ್ದಾಗ ಅಥವಾ ಅಧಿಸೂಚಿತ ಗಡಿ ಠಾಣೆಯಲ್ಲಿದ್ದಾಗ ಮಾತ್ರ ವಿನಾಯಿತಿ. ಸಹಸೈನಿಕನ ಕೊಲೆಗೆ ಈ ಮಿತಿಯಿಲ್ಲ. ಎರಡೂ ಕಡೆ ಅಧಿಕಾರವಿದ್ದಾಗ 125ನೇ ಕಲಂ ಪ್ರಕಾರ ಆಯ್ಕೆ ಸೇನಾಧಿಕಾರಿಯದು. ಕ್ರಿಮಿನಲ್ ನ್ಯಾಯಾಲಯ ಅದನ್ನು ಒಪ್ಪದಿದ್ದರೆ 126ನೇ ಕಲಂ ಅಡಿ ಕೇಂದ್ರ ಸರ್ಕಾರದ ತೀರ್ಮಾನವೇ ಅಂತಿಮ.

ಆರಂಭದ ತೀರ್ಪುಗಳು: ನೌಕಾಪಡೆಯ ಕಮಾಂಡರ್ ನಾನಾವತಿ ಆರೋಪಿಯಾಗಿದ್ದ ಕೊಲೆ ಪ್ರಕರಣ 1959ರಲ್ಲಿ ಬಾಂಬೆಯ ಸೆಷನ್ಸ್ ನ್ಯಾಯಾಲಯದಲ್ಲಿ ಜ್ಯೂರಿಯ ಮುಂದೆ ನಡೆಯಿತು. ರಾಮ್ ಸರೂಪ್ ಪ್ರಕರಣದಲ್ಲಿ (1963) ಸುಪ್ರೀಂ ಕೋರ್ಟ್ 125ನೇ ಕಲಂ ಸಂವಿಧಾನಬದ್ಧವೆಂದಿತು. ಕೋರ್ಟ್ ಮಾರ್ಷಲ್ ತೀರ್ಪಿನ ಮೇಲೆ ಸ್ವತಂತ್ರ ಮೇಲ್ಮನವಿಗೆ ಅವಕಾಶವಿಲ್ಲದ ಕೊರತೆಯನ್ನು 1982ರಲ್ಲಿ ಅದೇ ನ್ಯಾಯಾಲಯ ಎತ್ತಿ ತೋರಿಸಿತು. ಈ ಕೊರತೆ ತುಂಬಲು 2007ರ ಕಾಯ್ದೆಯಿಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ರೂಪುಗೊಂಡಿತು.

ಪಥ್ರಿಬಲ್: ಕಾಶ್ಮೀರದ ಪಥ್ರಿಬಲ್‌ನಲ್ಲಿ 2000ದ ಮಾರ್ಚ್ 25ರಂದು ಐವರು ಹತರಾದರು. ಛಟ್ಟೀಸಿಂಗ್‌ಪೋರಾದಲ್ಲಿ ಸಿಖ್ಖರನ್ನು ಕೊಂದ ಉಗ್ರರು ಇವರೇ ಎಂದು ಹೇಳಲಾಗಿತ್ತು. ಸತ್ತವರು ಸ್ಥಳೀಯರು, ನಡೆದದ್ದು ನಕಲಿ ಎನ್‌ಕೌಂಟರ್ ಎಂದು 2006ರಲ್ಲಿ ಸಿಬಿಐ ಐವರು ಸೇನಾ ಸಿಬ್ಬಂದಿಯ ಮೇಲೆ ದೋಷಾರೋಪ ಪಟ್ಟಿ ಸಲ್ಲಿಸಿತು. 2012ರಲ್ಲಿ ಸುಪ್ರೀಂ ಕೋರ್ಟ್, ಯಾವ ನ್ಯಾಯಾಲಯ ಬೇಕೆಂದು ಎಂಟು ವಾರದೊಳಗೆ ತಿಳಿಸುವಂತೆ ಸೇನೆಗೆ ಸೂಚಿಸಿತು. ಸಕ್ರಿಯ ಸೇವೆಯ ವಿನಾಯಿತಿಯಡಿ ಸೇನೆ ಕೋರ್ಟ್ ಮಾರ್ಷಲ್ ದಾರಿ ಹಿಡಿದು, 2014ರ ಜನವರಿಯಲ್ಲಿ ಸಾಕ್ಷ್ಯ ಸಾಲದೆಂದು ಪ್ರಕರಣವನ್ನೇ ಮುಚ್ಚಿತು. ಹೀಗೆ ಸಿಬಿಐ ಕಲೆಹಾಕಿದ ಸಾಕ್ಷ್ಯ ಬಹಿರಂಗ ವಿಚಾರಣೆಯಲ್ಲಿ ಪರೀಕ್ಷೆಗೆ ಒಳಗಾಗಲೇ ಇಲ್ಲ. ನ್ಯಾಯಾಲಯದ ಆಯ್ಕೆಯೇ ಪ್ರಕರಣದ ಗತಿಯನ್ನು ನಿರ್ಧರಿಸಬಲ್ಲದು ಎಂಬುದಕ್ಕೆ ಇದು ಪ್ರಮುಖ ನಿದರ್ಶನ.

ನಂತರದ ಬೆಳವಣಿಗೆ: ಕಾಶ್ಮೀರದ ಮಾಛಿಲ್‌ನಲ್ಲಿ 2010ರಲ್ಲಿ ನಡೆದ ನಾಗರಿಕರ ಹತ್ಯೆಗಳಲ್ಲಿ ಕೋರ್ಟ್ ಮಾರ್ಷಲ್ ಜೀವಾವಧಿ ಶಿಕ್ಷೆ ವಿಧಿಸಿತಾದರೂ 2017ರಲ್ಲಿ ನ್ಯಾಯಮಂಡಳಿ ಐವರ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ನೀಡಿತು. ಮಣಿಪುರದಲ್ಲಿ ನಡೆದವೆನ್ನಲಾದ 1,528 ಕಾನೂನುಬಾಹಿರ ಹತ್ಯೆಗಳ ಅರ್ಜಿಯ ಮೇಲೆ 2016ರಲ್ಲಿ ಸುಪ್ರೀಂ ಕೋರ್ಟ್, ಸೈನಿಕರಿಗೆ ಕ್ರಿಮಿನಲ್ ವಿಚಾರಣೆಯಿಂದ ಸಂಪೂರ್ಣ ರಕ್ಷಣೆಯಿಲ್ಲ ಎಂದಿತು. ಆದರೆ ಪ್ರಕ್ಷುಬ್ಧವೆಂದು ಘೋಷಿತ ಪ್ರದೇಶಗಳಿಗೆ ಅನ್ವಯಿಸುವ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯ 6ನೇ ಕಲಂ ಪ್ರಕಾರ ಮೊಕದ್ದಮೆಗೆ ಕೇಂದ್ರದ ಅನುಮತಿ ಬೇಕು. ನಾಗಾಲ್ಯಾಂಡಿನ ಓಟಿಂಗ್‌ನಲ್ಲಿ 2021ರಲ್ಲಿ ನಡೆದ ನಾಗರಿಕರ ಹತ್ಯೆಗೆ ಸಂಬಂಧಿಸಿ 30 ಸೇನಾ ಸಿಬ್ಬಂದಿಯ ಮೇಲೆ ಪೊಲೀಸರು ದೋಷಾರೋಪ ಹೊರಿಸಿದರು. ಅನುಮತಿ ಸಿಗಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಮೊಕದ್ದಮೆಯನ್ನು ಮುಕ್ತಾಯಗೊಳಿಸಿತು. ಮುಂದೆ ಅನುಮತಿ ದೊರೆತರೆ ವಿಚಾರಣೆ ಮುಂದುವರಿಯಬಹುದೆಂದೂ, ಶಿಸ್ತುಕ್ರಮ ಸೇನೆಗೆ ಬಿಟ್ಟದ್ದೆಂದೂ ಆದೇಶ ಹೇಳುತ್ತದೆ.