ವೈದ್ಯರು ಗಂಡಸನ್ನು ಕೇಳದ ಪ್ರಶ್ನೆ

1964ರಲ್ಲಿ ಅಮೆರಿಕದ ಮನೋವೈದ್ಯಕೀಯ ಪತ್ರಿಕೆಯೊಂದು ಪ್ರಕಟಿಸಿದ ಅಧ್ಯಯನದ ಹೆಸರು ‘ಹೆಂಡತಿಗೆ ಹೊಡೆಯುವವನ ಹೆಂಡತಿ’. ಮ್ಯಾಸಚೂಸೆಟ್ಸ್‌ನ ನ್ಯಾಯಾಲಯಗಳು ಮನೋವೈದ್ಯರ ಬಳಿಗೆ ಕಳಿಸಿದ್ದು ಹೊಡೆದ ಆರೋಪ ಹೊತ್ತ ಗಂಡಂದಿರನ್ನು. ಅವರಲ್ಲಿ ಹಲವರು, ನಮ್ಮ ಸಂಸಾರದಲ್ಲಿ ತೊಂದರೆಯೇ ಇಲ್ಲ ಎಂದುಬಿಟ್ಟರು. ಹೆಂಡತಿಯರು ಮಾತಾಡಿದರು. ಮಾತಾಡಿದವರ ಮೇಲೇ ತೀರ್ಪು ಬಂತು: ಆಕೆ ಜಗಳಗಂಟಿ, ಗಂಡಸಿನ ಸ್ವಭಾವದವಳು! ಹೊಡೆದವನು ಅಧ್ಯಯನದಿಂದ ಸಲೀಸಾಗಿ ಜಾರಿಕೊಂಡ.

ಮಹಿಳಾ ಆಶ್ರಯಧಾಮಗಳ ಕಾರ್ಯಕರ್ತೆಯರ ಒತ್ತಾಯದಿಂದ 1977ರಲ್ಲಿ ಬಾಸ್ಟನ್ನಿನ ಕೆಲವು ಗಂಡಸರು ‘ಎಮರ್ಜ್’ ಸಂಸ್ಥೆ ಕಟ್ಟಿದರು. ಹೊಡೆಯುವವರನ್ನೇ ಎದುರಿಗೆ ಕೂರಿಸಿ ಮಾತಾಡಿಸುವ ಕೆಲಸ ಅಲ್ಲಿ ಶುರುವಾಯಿತು. ವೈದ್ಯರು ಮಾತ್ರ ಹಿಂದೆಯೇ ಉಳಿದರು. 1992ರಲ್ಲಿ ಅಮೆರಿಕದ ವೈದ್ಯಕೀಯ ಸಂಘ ಹೊರಡಿಸಿದ ಮಾರ್ಗಸೂಚಿಯೂ ವಿಚಾರಿಸಲು ಹೇಳಿದ್ದು ಮಹಿಳಾ ರೋಗಿಗಳನ್ನು. ಭಾರತದ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯೂ ನೊಂದ ಹೆಣ್ಣಿಗೆ ಚಿಕಿತ್ಸೆ ನಿರಾಕರಿಸಕೂಡದು ಎನ್ನುತ್ತದೆ; ಗಂಡಸನ್ನು ವಿಚಾರಿಸುವ ಮಾತು ಅದರಲ್ಲಿಲ್ಲ.

ಕುಡಿತವೆಷ್ಟು, ನಿದ್ದೆಯೆಷ್ಟು ಎಂದು ಕೇಳುವ ವೈದ್ಯರಿಗೆ ಈ ಪ್ರಶ್ನೆ ಕಷ್ಟವಾಗಲು ಬರೀ ಸಂಕೋಚ ಕಾರಣವಲ್ಲ. ‘ನಿಮ್ಮಾಕೆ ಹೇಳಿದರು’ ಎಂಬೊಂದು ಮಾತು ಬಾಯಿತಪ್ಪಿ ಬಂದರೆ ಅಂದು ಸಂಜೆ ಏಟು ಬೀಳುವುದು ಆಕೆಗೇ. ಆದ್ದರಿಂದಲೇ ಬಲ್ಲವರು ಆಕೆಯ ಹೆಸರೆತ್ತದೆ, ‘ಮನೆಯಲ್ಲಿ ಸಿಟ್ಟು ಬಂದಾಗ ಏನು ಮಾಡುತ್ತೀರಿ?’ ಎಂದು ಆರಂಭಿಸುತ್ತಾರೆ.