ಬಟ್ಟೆ ಬಿಚ್ಚದೆ ಕಂಡ ಫರೋಹ

ಯೋಸೇಫನ ಶವಕ್ಕೆ ಸುಗಂಧದ್ರವ್ಯಗಳನ್ನು ತುಂಬಿ ಐಗುಪ್ತದಲ್ಲಿ ಪೆಟ್ಟಿಗೆಯೊಳಗಿಟ್ಟರೆಂಬಲ್ಲಿಗೆ ಆದಿಕಾಂಡವು ಮುಗಿಯುತ್ತದೆ. ಆ ಸಂಸ್ಕಾರದ ಸ್ವರೂಪವನ್ನು ಅರಿಯಬಯಸಿದ ಹಿಂದಿನ ವಿದ್ವಾಂಸರು ಶವಗಳ ಬಟ್ಟೆಯನ್ನೇ ಬಿಚ್ಚುತ್ತಿದ್ದರು. 1886ರಲ್ಲಿ ಎರಡನೆಯ ರಾಮ್ಸೆಸನ ಹೊದಿಕೆಯನ್ನು ಗಣ್ಯರೆದುರು ಕಾಲು ಗಂಟೆಯೊಳಗೆ ಕಳಚಿದ್ದನ್ನು ಓದುವಾಗ ನಮಗೆ ಸಂಕೋಚವಾಗುತ್ತದೆ.

ಕ್ರಿ.ಪೂ. 16ನೇ ಶತಮಾನದ ಒಂದನೆಯ ಅಮೆನ್‌ಹೋಟೆಪನಾದರೋ, 1881ರಲ್ಲಿ ದೇರ್ ಎಲ್-ಬಹ್ರಿಯಲ್ಲಿ ದೊರೆತಾಗ ಹೂಮಾಲೆಗಳೂ ಮುಖವಾಡವೂ ಕೆಡದೆ ಇದ್ದುದರಿಂದ, ಬಿಚ್ಚಲ್ಪಡದೆ ಉಳಿದನು. ಸಿ.ಟಿ. ಸ್ಕ್ಯಾನ್ ಮೂಲಕ ಕಂಡ ವಿವರಗಳನ್ನು ಸಹರ್ ಸಲೀಂ ಮತ್ತು ಜಾಹಿ ಹವಾಸ್ 2021ರಲ್ಲಿ ಪ್ರಕಟಿಸಿದರು. ಮರಣಕಾಲಕ್ಕೆ ವಯಸ್ಸು ಸುಮಾರು 35, ಎತ್ತರ 169 ಸೆಂಟಿಮೀಟರ್. ಬಟ್ಟೆಯೊಳಗೆ 30 ತಾಯಿತಗಳು, 34 ಚಿನ್ನದ ಮಣಿಗಳ ಒಡ್ಯಾಣ.

ನಮ್ಮನ್ನು ಹೆಚ್ಚು ತಡೆದು ನಿಲ್ಲಿಸುವ ಸಂಗತಿ ಯಾಜಕರದು. ಗೋರಿಗಳ್ಳರು ಕೆಡಿಸಿದ ಈ ದೇಹವನ್ನು ನಾಲ್ಕು ಶತಮಾನಗಳ ತರುವಾಯ 21ನೇ ರಾಜವಂಶದ ಕಾಲದ ಯಾಜಕರು ಮತ್ತೆ ಸುತ್ತಿದರು. ಅವರು ಒಡವೆಗಳನ್ನು ಹೊಸ ಅರಸರಿಗಾಗಿ ತೆಗೆದಿರಬೇಕೆಂಬ ಶಂಕೆ ಸಂಶೋಧಕರಿಗೇ ಇತ್ತು. ಚಿತ್ರಗಳಲ್ಲಿ ಕಂಡದ್ದೇ ಬೇರೆ: ತುಂಡಾದ ತಲೆಯನ್ನು ರಾಳ ಸವರಿದ ನಾರುಬಟ್ಟೆಯಿಂದ ದೇಹಕ್ಕೆ ಜೋಡಿಸಿದ್ದರು; ಒಡವೆಗಳು ದೇಹದ ಮೇಲೆಯೇ ಇದ್ದವು. ಇತರ ಅರಸರ ವಿಷಯದಲ್ಲಿಯೂ ಅವರು ಹೀಗೆಯೇ ನಡೆದರೆಂದು ಇದರಿಂದ ಹೇಳಲಾಗದು. ಈ ಒಬ್ಬನ ಮಟ್ಟಿಗೆ ಆರೋಪವು ನಿಲ್ಲುವುದಿಲ್ಲ.