ನೌರು: ಅಗೆದವರೇ ಕೈಹಿಡಿದ ಕಥೆ

2005ರ ಡಿಸೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಒಂದು ಬೋಯಿಂಗ್ 737 ವಿಮಾನ ಜಪ್ತಿಯಾಯಿತು. ಸಾಲದ ಕಂತು ಕಟ್ಟದ ಸಂಸ್ಥೆಯ ವಿಮಾನ ಜಪ್ತಿಯಾಗುವುದು ಹೊಸತೇನಲ್ಲ. ಆದರೆ ಇದು ಏರ್ ನೌರು ಸಂಸ್ಥೆಯ ಬಳಿ ಉಳಿದಿದ್ದ ಒಂದೇ ಒಂದು ವಿಮಾನ. ಸುತ್ತ ನೂರಾರು ಮೈಲಿ ಸಮುದ್ರವಲ್ಲದೆ ಬೇರೇನೂ ಇಲ್ಲದ ದ್ವೀಪವೊಂದಕ್ಕೆ ಹೊರಜಗತ್ತಿನ ದಾರಿಯೇ ಮುಚ್ಚಿದಂತಾಯಿತು. ಅದಕ್ಕೆ ಮೂವತ್ತು ವರ್ಷಗಳ ಹಿಂದೆ ಇದೇ ದೇಶದ ಜನ ತಲಾ ಆದಾಯದಲ್ಲಿ ಜಗತ್ತಿನ ಮುಂಚೂಣಿಯಲ್ಲಿದ್ದರು.

ಪೆಸಿಫಿಕ್ ಸಾಗರದಲ್ಲಿ ಸಮಭಾಜಕ ವೃತ್ತದ ತುಸು ಕೆಳಗಿರುವ ನೌರುವಿನ ವಿಸ್ತೀರ್ಣ ಕೇವಲ 21 ಚದರ ಕಿ.ಮೀ. ಜನಸಂಖ್ಯೆ ಆಗ ಸುಮಾರು ಹತ್ತು ಸಾವಿರ. ನಮ್ಮಲ್ಲಿನ ಒಂದು ಹೋಬಳಿಯೂ ಇದಕ್ಕಿಂತ ದೊಡ್ಡದಿರುತ್ತದೆ. ಇಂಥ ದೇಶ ದಿವಾಳಿಯಾದಾಗ ನೆರೆಯ ರಾಷ್ಟ್ರಗಳು ಸೇರಿ ಕೈಹಿಡಿದವು. ಆದರೆ ಹಾಗೆ ಕೈಹಿಡಿದವರಲ್ಲಿ ಮುಂದಿದ್ದವರು ಅದೇ ದ್ವೀಪವನ್ನು ಅರ್ಧ ಶತಮಾನ ಅಗೆದವರು. ನೌರುವಿಗೆ ಸಂದದ್ದು ಸಹಾಯವೋ, ಹಳೆಯ ಬಾಕಿಯೋ ಎಂಬ ಪ್ರಶ್ನೆ ಏಳುವುದು ಇಲ್ಲೇ.

ಕಥೆ ಶುರುವಾಗುವುದು ಒಂದು ಕಲ್ಲಿನಿಂದ. ಸಿಡ್ನಿಯ ವ್ಯಾಪಾರಿ ಕಂಪನಿಯೊಂದರ ಕಚೇರಿಯಲ್ಲಿ ಬಾಗಿಲು ಮುಚ್ಚಿಕೊಳ್ಳದಂತೆ ಅಡ್ಡ ಇಟ್ಟಿದ್ದ ಕಲ್ಲಿನ ತುಂಡನ್ನು 1899ರಲ್ಲಿ ಆಲ್ಬರ್ಟ್ ಎಲ್ಲಿಸ್ ಎಂಬ ನೌಕರ ಕುತೂಹಲದಿಂದ ಪರೀಕ್ಷಿಸಿದ. ನೌರುವಿನಿಂದ ಬಂದಿದ್ದ ಆ ಕಲ್ಲು ಉತ್ಕೃಷ್ಟ ದರ್ಜೆಯ ಫಾಸ್ಫೇಟ್! ನಮ್ಮ ರೈತರು ಹೊಲಕ್ಕೆ ಹಾಕುವ ಸೂಪರ್ ಫಾಸ್ಫೇಟ್ ಗೊಬ್ಬರದ ಮೂಲವಸ್ತು ಇದೇ. ನೌರು ಆಗ ಜರ್ಮನಿಯ ವಸಾಹತು. ಕೆಲವೇ ವರ್ಷಗಳಲ್ಲಿ ಗಣಿಗಾರಿಕೆ ಆರಂಭವಾಯಿತು. ಮೊದಲ ಮಹಾಯುದ್ಧದಲ್ಲಿ ಜರ್ಮನಿ ಸೋತ ಬಳಿಕ ಬ್ರಿಟನ್, ಆಸ್ಟ್ರೇಲಿಯ ಹಾಗೂ ನ್ಯೂಜಿಲೆಂಡ್ 1919ರಲ್ಲಿ ಒಪ್ಪಂದ ಮಾಡಿಕೊಂಡು ಬ್ರಿಟಿಷ್ ಫಾಸ್ಫೇಟ್ ಕಮಿಷನರ್ಸ್ ಎಂಬ ಸಂಸ್ಥೆಯ ಮೂಲಕ ದ್ವೀಪದ ಸಂಪತ್ತನ್ನು ವಶಕ್ಕೆ ತೆಗೆದುಕೊಂಡವು.

ಈ ಸಂಸ್ಥೆ ಫಾಸ್ಫೇಟನ್ನು ಮಾರುಕಟ್ಟೆ ದರಕ್ಕೆ ಮಾರಲಿಲ್ಲ. ತನಗೆ ಬಿದ್ದ ಖರ್ಚಿನ ದರಕ್ಕೆ ತನ್ನ ಒಡೆಯ ದೇಶಗಳಿಗೆ ಕೊಟ್ಟಿತು. ಲಾಭವೇ ಇಲ್ಲದ ವ್ಯಾಪಾರದಂತೆ ಕಾಣುವ ಈ ಲೆಕ್ಕದಲ್ಲಿ ಲಾಭವಾದದ್ದು ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳ ರೈತರಿಗೆ. ನೌರು ಜನರಿಗೆ ಸಿಕ್ಕಿದ್ದು ಅಲ್ಪ ರಾಯಧನ. ಫಾಸ್ಫೇಟ್ ತೆಗೆದ ಮೇಲೆ ನೆಲದಲ್ಲಿ ಉಳಿಯುವುದು ಈಟಿಗಳಂತೆ ನಿಂತ ಸುಣ್ಣಕಲ್ಲಿನ ಮೊನೆಗಳು ಮಾತ್ರ. ಅಲ್ಲಿ ಬೆಳೆ ಹಾಗಿರಲಿ, ಕಾಲಿಡುವುದೂ ಕಷ್ಟ. ಸ್ವಾತಂತ್ರ್ಯದ ಹೊತ್ತಿಗೆ ದ್ವೀಪದ ಮೂರನೇ ಒಂದು ಭಾಗ ಹೀಗಾಗಿತ್ತು. ಇಡೀ ಜನಾಂಗವನ್ನು ಆಸ್ಟ್ರೇಲಿಯದ ಕರ್ಟಿಸ್ ದ್ವೀಪಕ್ಕೆ ಸ್ಥಳಾಂತರಿಸುವ ಯೋಜನೆಯೂ ಬಂದಿತ್ತು. ತಮ್ಮದೇ ರಾಷ್ಟ್ರವಾಗಿ ಉಳಿಯುವ ಅವಕಾಶ ಅದರಲ್ಲಿ ಇಲ್ಲದ್ದರಿಂದ 1964ರಲ್ಲಿ ನೌರು ನಾಯಕರು ಅದನ್ನು ತಿರಸ್ಕರಿಸಿದರು.

1968ರ ಜನವರಿ 31ರಂದು ನೌರು ಸ್ವತಂತ್ರವಾಯಿತು. ಆ ದಿನವನ್ನು ಆರಿಸಿದ್ದಕ್ಕೆ ಕಾರಣವಿತ್ತು. ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ಸುಮಾರು 1200 ನೌರು ಜನರನ್ನು ಟ್ರಕ್ ದ್ವೀಪಗಳಿಗೆ ದುಡಿಮೆಗೆ ಸಾಗಿಸಿದ್ದರು. ಹಸಿವು, ರೋಗಗಳಿಗೆ ಬಲಿಯಾದವರು ಹೋಗಿ ಉಳಿದವರು ಊರಿಗೆ ಮರಳಿದ್ದು 1946ರ ಇದೇ ದಿನ. ಮೊದಲ ಅಧ್ಯಕ್ಷ ಹ್ಯಾಮರ್ ಡಿರಾಬರ್ಟ್ ಸ್ವತಃ ಹಾಗೆ ಹೋಗಿ ಬದುಕಿ ಬಂದವರು.

1970ರಲ್ಲಿ ಗಣಿಗಳು ನೌರುವಿನ ಕೈಗೆ ಬಂದವು, ಅದೂ 2.1 ಕೋಟಿ ಆಸ್ಟ್ರೇಲಿಯನ್ ಡಾಲರ್ ತೆತ್ತ ಮೇಲೆ. ಆನಂತರದ ವೈಭವ ದಂತಕಥೆಯಂಥದು. ಆದಾಯ ತೆರಿಗೆ ಇಲ್ಲ. ಶಿಕ್ಷಣ, ಚಿಕಿತ್ಸೆ ಉಚಿತ. ಮೆಲ್ಬರ್ನ್‌ನಲ್ಲಿ 52 ಅಂತಸ್ತಿನ ನೌರು ಹೌಸ್ 1977ರಲ್ಲಿ ತಲೆಯೆತ್ತಿತು. ಮುಂದಿನ ಪೀಳಿಗೆಗೆಂದು ಕೂಡಿಟ್ಟ ಫಾಸ್ಫೇಟ್ ನಿಧಿಯ ಮೊತ್ತ ಒಂದು ಹಂತದಲ್ಲಿ ನೂರು ಕೋಟಿ ಡಾಲರ್ ದಾಟಿತ್ತು ಎಂಬ ಅಂದಾಜಿದೆ. ಆ ನಿಧಿ ಕರಗಿದ್ದು ಸೋತ ಹೂಡಿಕೆಗಳಲ್ಲಿ, ನಿಧಿಯನ್ನೇ ಒತ್ತೆಯಿಟ್ಟು ತಂದ ಸಾಲದಲ್ಲಿ, ನಷ್ಟದಲ್ಲೇ ಹಾರುತ್ತಿದ್ದ ವಿಮಾನಗಳಲ್ಲಿ. ಲಿಯೊನಾರ್ಡೊ ಡ ವಿಂಚಿಯ ಕುರಿತ ಸಂಗೀತ ನಾಟಕವೊಂದಕ್ಕೂ ನೌರು ಹಣ ಸುರಿಯಿತು. 1993ರಲ್ಲಿ ಲಂಡನ್ ರಂಗಮಂದಿರದಲ್ಲಿ ಪರದೆಯೆದ್ದ ಆ ನಾಟಕ ಕೆಲವೇ ವಾರಗಳಲ್ಲಿ ನೆಲಕಚ್ಚಿತು.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯನ್ನು ನೌರುವಿಗೆ ಅನ್ವಯಿಸುವುದು ಸುಲಭ. ಅದು ಸುಳ್ಳೂ ಅಲ್ಲ. ಆದರೆ ಕುಡಿಕೆಗೆ ಮೊದಲು ಕೈಹಾಕಿದವರ ಲೆಕ್ಕವನ್ನೂ ಕೇಳಬೇಕಲ್ಲ? ನೌರು ಅದನ್ನು ಕೇಳಿತು. 1989ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಆಸ್ಟ್ರೇಲಿಯದ ವಿರುದ್ಧ ದಾವೆ ಹೂಡಿ, ಹಾಳುಗೆಡವಿದ ನೆಲವನ್ನು ಸರಿಪಡಿಸುವ ಹೊಣೆ ನಿಮ್ಮದು ಎಂದು ವಾದಿಸಿತು. ಪ್ರಕರಣ ವಿಚಾರಣೆಗೆ ಅರ್ಹವೆಂದು ನ್ಯಾಯಾಲಯ 1992ರಲ್ಲಿ ಹೇಳಿತು. ಮರುವರ್ಷ ಆಸ್ಟ್ರೇಲಿಯ 10.7 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿ ಮಾಡಿಕೊಂಡಿತು. ಇದರಲ್ಲಿ 5 ಕೋಟಿ ಇಪ್ಪತ್ತು ವರ್ಷಗಳ ಕಂತಿನಲ್ಲಿ. ಬ್ರಿಟನ್, ನ್ಯೂಜಿಲೆಂಡ್ ತಲಾ 1.2 ಕೋಟಿಯಷ್ಟು ಪಾಲು ಹಾಕಿದವು.

ಆ ಹಣ ಬಂದರೂ ಕುಸಿತ ನಿಲ್ಲಲಿಲ್ಲ. ನೌರು ವಿದೇಶಿಯರಿಗೆ ಹೆಸರಿಗಷ್ಟೇ ಇರುವ ಬ್ಯಾಂಕುಗಳನ್ನು ನೋಂದಾಯಿಸಿಕೊಡುವ ದಂಧೆಗೆ ಇಳಿಯಿತು. ಕಪ್ಪುಹಣ ಬಿಳಿಯಾಗಿಸುವ ತಾಣವೆಂದು 2000ದಲ್ಲಿ ಅಂತರರಾಷ್ಟ್ರೀಯ ಕಪ್ಪುಪಟ್ಟಿಗೆ ಸೇರಿತು. 2001ರಲ್ಲಿ ಟಾಂಪಾ ಎಂಬ ಹಡಗು ಸಮುದ್ರದಲ್ಲಿ ರಕ್ಷಿಸಿದ ನಿರಾಶ್ರಿತರನ್ನು ತನ್ನ ನೆಲಕ್ಕೆ ಸೇರಿಸಲು ಒಲ್ಲದ ಆಸ್ಟ್ರೇಲಿಯ ನೌರುವಿನ ಬಾಗಿಲು ತಟ್ಟಿತು. ಆರಂಭದಲ್ಲೇ 2 ಕೋಟಿ ಡಾಲರ್ ಮಾತಾಯಿತು, ದ್ವೀಪದಲ್ಲಿ ಶಿಬಿರಗಳೆದ್ದವು. ಇದನ್ನೂ ಕಡತಗಳಲ್ಲಿ ನೆರವು ಎಂದೇ ಬರೆದರು.

2004ರ ಹೊತ್ತಿಗೆ ಸಾಲ ಕೊಟ್ಟವರು ನೌರು ಹೌಸ್ ಸೇರಿದಂತೆ ವಿದೇಶದ ಆಸ್ತಿಗಳನ್ನು ವಶಪಡಿಸಿಕೊಂಡಿದ್ದರು. ಸರ್ಕಾರಿ ಬ್ಯಾಂಕಿನಲ್ಲಿ ಜನ ಇಟ್ಟಿದ್ದ ಉಳಿತಾಯ ಕೈಗೆ ಸಿಗುತ್ತಿರಲಿಲ್ಲ. ಆ ವರ್ಷದ ಆಗಸ್ಟ್‌ನಲ್ಲಿ ಸಮೋವಾದ ಆಪಿಯಾದಲ್ಲಿ ಸೇರಿದ ಪೆಸಿಫಿಕ್ ದ್ವೀಪಗಳ ವೇದಿಕೆ ನೌರುವಿನ ಕೋರಿಕೆಗೆ ಓಗೊಟ್ಟಿತು. 1971ರಲ್ಲಿ ಹುಟ್ಟಿದ ಈ ವೇದಿಕೆಯ ಸ್ಥಾಪಕ ಸದಸ್ಯರಲ್ಲಿ ನೌರು ಕೂಡ ಒಂದು. ಸದಸ್ಯ ದೇಶವೊಂದು ಬಿಕ್ಕಟ್ಟಿಗೆ ಸಿಕ್ಕಿದಾಗ ಉಳಿದವರು ಒಟ್ಟಾಗಿ ನೆರವಾಗಬಹುದು ಎಂದು ಕಿರಿಬಾಟಿಯಲ್ಲಿ 2000ದಲ್ಲಿ ಹೊರಡಿಸಿದ ಬಿಕೆಟಾವಾ ಘೋಷಣೆ ಇದಕ್ಕೆ ಆಧಾರ. ಇದೇ ಘೋಷಣೆಯಡಿ 2003ರಲ್ಲಿ ಸೊಲೊಮನ್ ದ್ವೀಪಗಳಿಗೆ ಸೈನಿಕರು, ಪೊಲೀಸರು ಹೋಗಿದ್ದರು. ನೌರುವಿಗೆ ಬೇಕಾಗಿದ್ದುದು ಬಂದೂಕಲ್ಲ, ಲೆಕ್ಕಪತ್ರ ಬಲ್ಲವರು.

ಆಸ್ಟ್ರೇಲಿಯದ ಅಧಿಕಾರಿ ಹಣಕಾಸು ಇಲಾಖೆಯ ಮುಖ್ಯಸ್ಥರಾಗಿ ಕುಳಿತರು. ವೇದಿಕೆ ತನ್ನವರನ್ನೂ ಕಳಿಸಿತು. ಬಜೆಟ್ ಅಂಗೀಕಾರವಾಗದೆ ಸಂಸತ್ತು ಕಗ್ಗಂಟಾದಾಗ ಅಧ್ಯಕ್ಷ ಲುಡ್ವಿಗ್ ಸ್ಕಾಟಿ ಅದನ್ನು ವಿಸರ್ಜಿಸಿದರು. ಅಕ್ಟೋಬರ್ ಚುನಾವಣೆಯಲ್ಲಿ ಸುಧಾರಣಾವಾದಿಗಳಿಗೆ ಬಹುಮತ ಬಂತು. ಸರ್ಕಾರಿ ನೌಕರರ ಸಂಬಳವನ್ನು ಎರಡು ವಾರಕ್ಕೆ 140 ಡಾಲರ್‌ಗೆ ಇಳಿಸಲಾಯಿತು. ಮೇಲಿನಿಂದ ಕೆಳಗಿನವರೆಗೆ ಹೆಚ್ಚು ಕಡಿಮೆ ಒಂದೇ ಸಂಬಳ! ಜನ ಮತ್ತೆ ಮೀನು ಹಿಡಿಯತೊಡಗಿದರು. 2005ರಲ್ಲಿ ಕಪ್ಪುಪಟ್ಟಿಯಿಂದ ನೌರುವಿನ ಹೆಸರು ಹೋಯಿತು. ಇಪ್ಪತ್ತು ವರ್ಷಗಳ ಅಭಿವೃದ್ಧಿ ಯೋಜನೆ ಸಿದ್ಧವಾಯಿತು.

ಹಣದ ಚೀಲ ಆಸ್ಟ್ರೇಲಿಯದ ಕೈಯಲ್ಲೇ ಇದ್ದಾಗ ಈ 'ಪ್ರಾದೇಶಿಕ' ಎಂಬ ಹೆಸರೇಕೆ ಎಂದು ಕೇಳಬಹುದು. ಹೆಸರು ಬರೀ ಅಲಂಕಾರವಲ್ಲ. ಹಳೆಯ ಒಡೆಯನ ಮುಂದೆ ಒಬ್ಬಂಟಿಯಾಗಿ ಕೈಚಾಚುವುದು ಬೇರೆ, ಸಮೋವಾ, ಫಿಜಿಗಳಂಥ ಓರಗೆಯವರು ಕುಳಿತ ಸಭೆಯಲ್ಲಿ ಕೇಳುವುದು ಬೇರೆ. ಆದರೆ ಆ ಸಭೆಯ ಬಡ ಸದಸ್ಯರೂ ನೌರುವಿನ ಕುಸಿತಕ್ಕೆ ಬೆಲೆ ತೆತ್ತರು ಎಂಬುದನ್ನು ಹೆಚ್ಚಿನವರು ಗಮನಿಸಲಿಲ್ಲ. ಕಿರಿಬಾಟಿ, ಟುವಾಲುಗಳಿಂದ ಗಣಿ ಕೆಲಸಕ್ಕೆ ಬಂದಿದ್ದ ಕಾರ್ಮಿಕರು ಸಂಬಳವೂ ಇಲ್ಲದೆ, ಊರಿಗೆ ಹೋಗಲೂ ಆಗದೆ ದ್ವೀಪದಲ್ಲಿ ಸಿಕ್ಕಿಬಿದ್ದಿದ್ದರು. 2006ರಲ್ಲಿ ಅವರು ಮನೆ ಸೇರಿದ್ದು ತೈವಾನ್ ಕೊಟ್ಟ ಹಣದಿಂದ. ಅದೇ ವರ್ಷ ನೌರು ಮತ್ತೊಂದು ವಿಮಾನ ಪಡೆದದ್ದೂ ತೈವಾನ್ ನೆರವಿನಿಂದಲೇ. ತನ್ನನ್ನು ಮಾನ್ಯ ಮಾಡುವ ದೇಶಗಳ ಸಂಖ್ಯೆ ಕಡಿಮೆಯಾಗದಿರಲೆಂಬ ಲೆಕ್ಕಾಚಾರ ತೈವಾನಿನದು.

ನೆರೆಯವರಿಂದ ನಿಜಕ್ಕೂ ಬಾಳಿಕೆಯ ಉಪಕಾರವಾದದ್ದು ಬೇರೊಂದು ಕಡೆಯಿಂದ. ನೌರು ಶ್ರೀಮಂತವಾಗಿದ್ದಾಗ, 1982ರಲ್ಲಿ, ಅಲ್ಲಿಯೇ ಸಹಿಯಾದ ಮೀನುಗಾರಿಕೆ ಒಪ್ಪಂದವೊಂದಿದೆ. ಅದರಡಿ ಎಂಟು ದ್ವೀಪರಾಷ್ಟ್ರಗಳು ಒಂದಾಗಿ, ತಮ್ಮ ಕಡಲಲ್ಲಿ ಟ್ಯೂನಾ ಮೀನು ಹಿಡಿಯುವ ವಿದೇಶಿ ಹಡಗುಗಳಿಗೆ ದಿನದ ಲೆಕ್ಕದಲ್ಲಿ ಶುಲ್ಕ ವಿಧಿಸತೊಡಗಿದವು. ಇದು ದಾನವಲ್ಲ, ಸ್ವಂತ ಸಂಪಾದನೆ. ಬೆಲೆಯನ್ನು ಕೊಳ್ಳುವವನಲ್ಲ, ಮಾರುವವರೇ ಸೇರಿ ನಿಗದಿ ಮಾಡಿದ್ದು ನೌರುವಿಗೆ ಹೊಸ ಅನುಭವ.

2008ರಲ್ಲಿ ಮುಚ್ಚಿದ್ದ ಶಿಬಿರ 2012ರಲ್ಲಿ ಮತ್ತೆ ತೆರೆಯಿತು. ಖಜಾನೆ ತುಂಬಿತು, ಪರಾವಲಂಬನೆಯೂ ಬೆಳೆಯಿತು. ಆದಾಯ ತೆರಿಗೆ 2014ರಲ್ಲಿ ಬಂತು. 2015ರಲ್ಲಿ ಆಸ್ಟ್ರೇಲಿಯ, ತೈವಾನ್ ಹಾಗೂ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಹಭಾಗಿತ್ವದಲ್ಲಿ ಹೊಸ ನಿಧಿ ಸ್ಥಾಪನೆಯಾಯಿತು. ಹಳೆಯ ನಿಧಿಯಂತೆ ಇದನ್ನು ನೌರು ಸರ್ಕಾರವೊಂದೇ ತನ್ನಿಚ್ಛೆಯಂತೆ ಖರ್ಚು ಮಾಡುವಂತಿಲ್ಲ. 2024ರ ಜನವರಿಯಲ್ಲಿ ನೌರು ತೈವಾನನ್ನು ಬಿಟ್ಟು ಚೀನಾದ ಕೈಹಿಡಿಯಿತು. ಅದೇ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯದೊಂದಿಗೆ ಹೊಸ ಒಪ್ಪಂದವಾಯಿತು. ಐದು ವರ್ಷಗಳಲ್ಲಿ 10 ಕೋಟಿ ಡಾಲರ್ ಬಜೆಟ್ ನೆರವು, ಪೊಲೀಸ್ ವ್ಯವಸ್ಥೆಗೆ ಇನ್ನೊಂದು 4 ಕೋಟಿ, ಜೊತೆಗೆ ದ್ವೀಪದಲ್ಲಿ ಒಂದು ಆಸ್ಟ್ರೇಲಿಯನ್ ಬ್ಯಾಂಕು. ಇದಕ್ಕೆ ಪ್ರತಿಯಾಗಿ ಭದ್ರತೆ, ಬ್ಯಾಂಕಿಂಗ್, ದೂರಸಂಪರ್ಕ ಕ್ಷೇತ್ರಗಳಲ್ಲಿ ನೌರು ಮೂರನೆಯವರೊಂದಿಗೆ ಒಪ್ಪಂದಕ್ಕೆ ಮುಂದಾದರೆ ಅದಕ್ಕೆ ಮೊದಲು ಆಸ್ಟ್ರೇಲಿಯದ ಒಪ್ಪಿಗೆ ಬೇಕು.